ಲಗ್ನಪತ್ರಿಕೆ ಲೆಕ್ಕದಲ್ಲಿ ಲಿಂಕು ಹಾಕಿದ್ದು

“ಮೇಡಂ, ನಮ್ ವೆಬ್‌ಸೈಟ್ ಎಲ್ಲೈತೆ?”

ಕುಣಿಗಲ್ಲಿನ ಸಾರೋಟು ಭಾಯ್ ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಕೇಳಿದ ಪ್ರಶ್ನೆ ಇದು. ಮದುವೆ ಮೆರವಣಿಗೆಯಲ್ಲಿ ಗಂಡು ಹೆಣ್ಣನ್ನು ಕೂರಿಸುವ ಕುದುರೆ ಸಾರೋಟುಗಳನ್ನು ಮಾಡುವವರು ಅವರು. ತಾತನ ಕಾಲದಲ್ಲಿ ಜಟಕಾ ಮಾಡುತ್ತಿದ್ದ ಮನೆತನವಂತೆ. ಆಟೋ ಬಂದು ಜಟಕಾ ಮೂಲೆಗೆ ಸೇರಿದ ಮೇಲೆ ಸಾರೋಟಿಗೆ ತಿರುಗಿಕೊಂಡಿದ್ದರು. ನನ್ನದು ತುಮಕೂರಿನ ಶಿರಾ ಗೇಟಿನಲ್ಲಿ ಒಂದು ಡಿಟಿಪಿ ಅಂಗಡಿ. ಎರಡು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ಗೋಡೆ ತುಂಬ ಲಗ್ನಪತ್ರಿಕೆಯ ಸ್ಯಾಂಪಲ್ಲುಗಳು. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ ವೆಬ್‌ಸೈಟ್ ಮಾಡುವುದನ್ನೂ ಕಲಿತು, ಬೋರ್ಡಿನಲ್ಲಿ ಒಂದು ಸಾಲು ಜಾಸ್ತಿ ಬರೆಸಿದ್ದೆ. ಭಾಯ್‌ಗೆ ಐದು ಪುಟದ ಸೈಟು ಮಾಡಿಕೊಟ್ಟು ಮೂರು ತಿಂಗಳಾಗಿತ್ತು.

ನಾನು ವಿಳಾಸ ಟೈಪ್ ಮಾಡಿ ತೋರಿಸಿದೆ. ಬೆಳ್ಳಿ ಬಣ್ಣದ ಸಾರೋಟು ಪರದೆಯ ತುಂಬ ಬಂದು ನಿಂತಿತು. “ಇಲ್ಲೇ ಇದೆಯಲ್ಲ ಭಾಯ್.”

“ಹಂಗಲ್ಲ ಮೇಡಂ. ನಮ್ಮೂರ ಬ್ರೌಸಿಂಗ್ ಸೆಂಟರ್‌ನಾಗೆ ಕೂತ್ಕಂಡು ಸಾರೋಟು ಅಂತ ಹೊಡೆಸ್ದೆ. ಯಾರ್ಯಾರ್ದೋ ಬಂತು, ನಮ್ದು ಬರ್ಲಿಲ್ಲ. ಅಡ್ರೆಸ್ ಗೊತ್ತಿರೋರು ನಮ್ ಶೆಡ್ಡಿಗೇ ಬತ್ತಾರೆ, ಅವ್ರಿಗ್ಯಾಕೆ ವೆಬ್‌ಸೈಟು? ಗೊತ್ತಿಲ್ದೋರಿಗೆ ಅಲ್ವಾ ಇದು?”

ಹನ್ನೊಂದು ಸೈಟು ಮಾಡಿ ಬೀಗಿದ್ದ ನನಗೆ ಈ ಪ್ರಶ್ನೆ ಒಂದು ಸಲವೂ ಹೊಳೆದಿರಲಿಲ್ಲ.

ಅವತ್ತು ಅವರು ಇನ್ನೊಂದು ಮಾತೂ ಹೇಳಿದರು. ಶೆಡ್ಡು ಅಣ್ಣ ತಮ್ಮ ಇಬ್ಬರದೂ. ತಮ್ಮನಿಗೆ ಅಲ್ಲಿ ಹಳೆ ಟೈರುಗಳಿಗೆ ಹೊಸ ಪಟ್ಟಿ ಕೂರಿಸುವ ಮೆಷೀನು ಹಾಕುವ ಆಸೆ. “ಟೇಪ್ ಹಿಡ್ಕಂಡು ಬಂದು ಶೆಡ್ ಅಳ್ದು ಹೋಗವ್ನೆ ಮೇಡಂ. ಬಕ್ರೀದ್ ತನಕ ನೋಡ್ತೀನಿ, ಅಷ್ಟ್ರಾಗೆ ಆರ್ಡರ್ ಬಂದ್ರೆ ಬಂತು, ಇಲ್ಲಾಂದ್ರೆ ನಿನ್ ಸಾಮಾನೆಲ್ಲ ಎತ್ಕೊ ಅಂದವ್ನೆ. ಅವನ್ದೇನೂ ತಪ್ಪಿಲ್ಲ ಬುಡಿ. ಅವ್ನಿಗೂ ಸಂಸಾರ ಐತೆ.”

ಶ್ರಾವಣ ಆಗತಾನೇ ಶುರುವಾಗಿತ್ತು. ಬಕ್ರೀದಿಗೆ ನಾಲ್ಕು ತಿಂಗಳು ಚಿಲ್ಲರೆ ಉಳಿದಿತ್ತು.

ಸರ್ಚ್ ಇಂಜಿನ್ನಿನಲ್ಲಿ ಮೇಲೆ ಬರುವುದಕ್ಕೇ ಒಂದು ವಿದ್ಯೆ ಇದೆ, ಅದಕ್ಕೆ ಎಸ್‌ಇಒ ಎಂದು ಹೆಸರು ಎನ್ನುವುದು ನನಗೆ ಗೊತ್ತಾದದ್ದು ಆ ವಾರ. ಹೊಸ ಮಾತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆದು, ಕೆಂಪು ಪೆನ್ಸಿಲ್ ಹಿಡಿದು ಓದತೊಡಗಿದೆ. ಅರ್ಥವಾದ ಒಂದೊಂದು ಪದವನ್ನೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ನನ್ನದೇ ಕನ್ನಡದಲ್ಲಿ ಬರೆದುಕೊಂಡೆ. ಮೊದಲು ಸಿಕ್ಕಿದ್ದು ‘ಕ್ರಾಲರ್’. ಜನಗಣತಿಯವರ ಹಾಗೆ ಒಂದು ಯಂತ್ರ ಸೈಟಿನಿಂದ ಸೈಟಿಗೆ ಹೋಗುತ್ತಿರುತ್ತದೆ, ಕಂಡದ್ದನ್ನು ಓದಿ ಬರೆದುಕೊಳ್ಳುತ್ತದೆ. ಅದು ಬರೆದುಕೊಂಡ ಪುಸ್ತಕವೇ ‘ಇಂಡೆಕ್ಸ್’. ಆ ಪುಸ್ತಕದಲ್ಲಿ ಹೆಸರಿಲ್ಲದ ಮನೆ ಊರಿನಲ್ಲಿ ಇದ್ದೂ ಇಲ್ಲ. ಗಣತಿಯವರು ಬರಬೇಕಾದರೆ ರಸ್ತೆ ಬೇಕು. ಒಂದು ಸೈಟಿನಿಂದ ಇನ್ನೊಂದಕ್ಕೆ ಹಾಕಿರುವ ಲಿಂಕೇ ಆ ರಸ್ತೆ. ಭಾಯ್ ಸೈಟಿಗೆ ಯಾವ ಕಡೆಯಿಂದಲೂ ರಸ್ತೆ ಇರಲಿಲ್ಲ.

ಅದಕ್ಕಿಂತ ದೊಡ್ಡ ತಮಾಷೆ ಆಮೇಲೆ ತಿಳಿಯಿತು. ಯಂತ್ರ ಓದುವುದು ಅಕ್ಷರಗಳನ್ನು ಮಾತ್ರ ಎಂದು ಒಂದು ಕಡೆ ಬರೆದಿತ್ತು. ಭಾಯ್ ಸೈಟಿನ ಮೊದಲ ಪುಟ ತೆಗೆದು, ಎಲ್ಲವನ್ನೂ ಒಟ್ಟಿಗೆ ಸೆಲೆಕ್ಟ್ ಮಾಡುವ ಕೀ ಒತ್ತಿದೆ. ಒಂದೇ ಒಂದು ಅಕ್ಷರವೂ ನೀಲಿಯಾಗಲಿಲ್ಲ. ಆಗಬೇಕಾದರೆ ಅಲ್ಲಿ ಅಕ್ಷರ ಇರಬೇಕಲ್ಲ! ಲಗ್ನಪತ್ರಿಕೆ ಮಾಡುವ ಕೈ ನನ್ನದು. ಅಂಚಿಗೆ ಬಳ್ಳಿ, ನಡುವೆ ಬಾಗಿದ ಅಕ್ಷರ, ನೆರಳು, ಹೊಳಪು ಎಲ್ಲ ಹಾಕಿ ಇಡೀ ಪುಟವನ್ನೇ ಒಂದು ಫೋಟೋ ಮಾಡಿ ಅಂಟಿಸಿಬಿಟ್ಟಿದ್ದೆ. ಜನರಿಗೆ ಅದು ಚೆಂದ, ಯಂತ್ರದ ಕಣ್ಣಿಗೆ ಖಾಲಿ ಗೋಡೆ. ಕೊನೆಯ ಪುಟದಲ್ಲಿ ಮಾತ್ರ ಅಪ್ಪಿತಪ್ಪಿ ಒಂದು ಕಡೆ ಕನ್ನಡದಲ್ಲಿ ಟೈಪ್ ಮಾಡಿದ್ದೆ. ಅದೂ ನಮ್ಮ ಹಳೆ ಡಿಟಿಪಿ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಡೆ ‘ಸಾರೋಟು’ ಎನ್ನುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು.

ಇನ್ನು ‘ಟೈಟಲ್ ಟ್ಯಾಗ್’. ಪುಟದ ನೆತ್ತಿಯ ಮೇಲೆ ಅದರ ಹೆಸರು ಬರೆಯುವ ಜಾಗ ಅದು. ಭಾಯ್‌ನ ಐದೂ ಪುಟಕ್ಕೆ ‘ಅನ್‌ಟೈಟಲ್ಡ್ ಡಾಕ್ಯುಮೆಂಟ್’ ಎಂದೇ ಇತ್ತು. ಪತ್ರಿಕೆಯಲ್ಲಿ ಯಾರದೋ ದೊಡ್ಡಪ್ಪನ ಹೆಸರಿನ ಮೊದಲು ‘ಶ್ರೀ’ ಬಿಟ್ಟರೆ ಹತ್ತು ಮಾರು ದೂರದಿಂದ ಹಿಡಿಯುವ ನಾನು, ಐದು ಪುಟಕ್ಕೂ ಹೆಸರಿಡುವುದನ್ನೇ ಮರೆತಿದ್ದೆ. ಒಬ್ಬಳೇ ಕೂತು ಜೋರಾಗಿ ನಕ್ಕೆ. ಆಮೇಲೆ ನಾಚಿಕೆಯೂ ಆಯಿತು.

ಎಲ್ಲವನ್ನೂ ಬಿಚ್ಚಿ ಅಕ್ಷರದಲ್ಲಿ ಬರೆಯಲು ಕೂತೆ. ಆದರೆ ಏನೆಂದು ಬರೆಯುವುದು? ಹುಡುಕುವವರು ಟೈಪ್ ಮಾಡುವ ಮಾತಿಗೆ ‘ಕೀವರ್ಡ್’ ಎನ್ನುತ್ತಾರೆ, ಆ ಮಾತು ಪುಟದಲ್ಲಿರಬೇಕು ಎಂದು ಓದಿದ್ದೆ. ಆ ಮಾತು ಯಾವುದೆಂದು ಪ್ರಿಂಟುಗಳಲ್ಲಿ ಇರಲಿಲ್ಲ. ನೋಟ್‌ಬುಕ್ ಹಿಡಿದು ಕುಣಿಗಲ್ ಬಸ್ಸು ಹತ್ತಿದೆ.

“ಫೋನ್ ಮಾಡುವವರು ಸಾರೋಟಿಗೆ ಏನಂತಾರೆ ಭಾಯ್?”

“ಒಬ್ಬೊಬ್ರು ಒಂದೊಂದು ಅಂತಾರೆ. ಹೈದ್ರಾಬಾದ್ ಕಡೆಯೋರು ಬಗ್ಗಿ ಅಂತಾರೆ. ಬೆಂಗ್ಳೂರಿನ ಮದ್ವೆ ಕಾಂಟ್ರಾಕ್ಟ್‌ನೋರು ಹಾರ್ಸ್ ಕ್ಯಾರೇಜ್. ಸಾರೋಟು ಅನ್ನೋರು ನಮ್ಮೋರೇ ಮೇಡಂ, ಅವ್ರಿಗೆ ನಮ್ ಶೆಡ್ಡು ಗೊತ್ತು.”

ಎಲ್ಲ ಬರೆದುಕೊಂಡೆ. ನಾವು ನಮ್ಮ ಸಾಮಾನಿಗೆ ಇಟ್ಟ ಹೆಸರಲ್ಲ, ಬೇಕಾದವರು ಅದನ್ನು ಕರೆಯುವ ಹೆಸರೇ ಕೀವರ್ಡ್. ಹಿಂದಿನ ವಾರ ಹತ್ತು ಪ್ರಿಂಟ್ ಓದಿದರೂ ತಲೆಗೆ ಹತ್ತದ ಮಾತು ಶೆಡ್ಡಿನಲ್ಲಿ ಐದು ನಿಮಿಷಕ್ಕೆ ಹತ್ತಿತು.

ನಾನು ಹೊರಡುವ ಹೊತ್ತಿಗೆ ಭಾಯ್ ಒಂದು ಗಾಲಿಗೆ ಹಳಿ ಕಟ್ಟುವುದಕ್ಕೆ ನಿಂತಿದ್ದರು. ಮರದ ಗಾಲಿಯ ಸುತ್ತ ಕೂರುವ ಕಬ್ಬಿಣದ ಬಳೆಗೆ ಹಳಿ ಎನ್ನುತ್ತಾರೆ. ಬಸ್ಸು ತಪ್ಪಿದರೆ ತಪ್ಪಲಿ ಎಂದು ನೋಡುತ್ತಾ ನಿಂತೆ. ಹಳಿಯನ್ನು ಗಾಲಿಯ ಸುತ್ತಳತೆಗಿಂತ ಒಂದು ಚೂರು ಚಿಕ್ಕದಾಗಿಯೇ ಮಾಡುತ್ತಾರೆ. ಅದರ ಸುತ್ತ ಬೆರಣಿ ಒಟ್ಟಿ ಕೆಂಪಗೆ ಕಾಯಿಸುತ್ತಾರೆ. ಕಾದು ಹಿಗ್ಗಿದಾಗ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗುತ್ತಾ ಗಾಲಿಯ ಒಂದೊಂದು ಕೀಲನ್ನೂ ಒಳಕ್ಕೆ ಅಮುಕಿ ಬಿಗಿ ಮಾಡುತ್ತದೆ. ‘ಟಕ್ ಟಕ್’ ಎಂದು ಕಡ್ಡಿಗಳು ಕೂರುವ ಸದ್ದು ಕೇಳಿ ಮೈ ಜುಮ್ಮೆಂದಿತು. “ಮೊಳೆ ಒಂದೂ ಇಲ್ಲ, ನೋಡಿ,” ಎಂದರು ಭಾಯ್. ಕೆಲಸಕ್ಕೆ ಬರುತ್ತದೆಂದಲ್ಲ, ಸುಮ್ಮನೆ ಆಸೆಗೆ, ಅದನ್ನೂ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡೆ.

ಹೊಸ ಪುಟಗಳು ಸೈಟಿಗೆ ಏರಿದವು. ರಸ್ತೆಯಿಲ್ಲದವರು ತಮ್ಮ ವಿಳಾಸವನ್ನು ತಾವೇ ತಿಳಿಸುವುದಕ್ಕೆ ಸರ್ಚ್ ಇಂಜಿನ್ನಿನವರದೊಂದು ಫಾರಂ ಇತ್ತು, ಅದನ್ನೂ ತುಂಬಿದೆ. ಮೂರು ವಾರಕ್ಕೆ ಸೈಟು ಇಂಡೆಕ್ಸಿಗೆ ಬಂತು. ಹುಡುಕಿದರೆ ಬರುವ ಪಟ್ಟಿಯಲ್ಲಿ ಒಂಬತ್ತನೇ ಪುಟದ ಕೆಳಗಿನಿಂದ ಎರಡನೆಯದು. ನನಗೆ ಸ್ವರ್ಗವೇ ಸಿಕ್ಕಿತು. ಭಾಯ್‌ಗೆ ಫೋನ್ ಮಾಡಿ ಹೇಳಿದೆ. “ಒಂಬತ್ತನೇ ಪುಟ ಯಾರು ತಿರುವ್ತಾರೆ ಮೇಡಂ?” ಎಂದರು.

ಆಗ ಹಿಡಿದದ್ದು ‘ಬ್ಯಾಕ್‌ಲಿಂಕ್’. ಬೇರೆ ಸೈಟಿನವರು ನಮ್ಮ ಸೈಟಿಗೆ ಲಿಂಕ್ ಕೊಟ್ಟರೆ ಅದೊಂದು ಶಿಫಾರಸು, ಶಿಫಾರಸು ಜಾಸ್ತಿಯಾದಷ್ಟೂ ತೂಕ ಜಾಸ್ತಿ ಎಂದು ಓದಿದ ತಕ್ಷಣ ನನಗೆ ರೋಮಾಂಚನವಾಯಿತು. ಇದು ನನಗೆ ಗೊತ್ತಿರುವ ವಿದ್ಯೆ! ಪತ್ರಿಕೆಯ ಕೆಳಗೆ ‘ನಿಮ್ಮ ಆಗಮನಾಭಿಲಾಷಿಗಳು’ ಎಂದು ಬರೆದು ನೆಂಟರಿಷ್ಟರ ಹೆಸರನ್ನೆಲ್ಲ ತುಂಬುವುದು ನನ್ನ ದಿನದ ಕೆಲಸ. ಹೆಸರು ಹೆಚ್ಚಿದಷ್ಟೂ ಮದುವೆ ದೊಡ್ಡದು. ಒಬ್ಬರನ್ನು ಬಿಟ್ಟರೆ ಹತ್ತು ವರ್ಷ ಮುನಿಸು. ಇವರು ಅವರ ಪತ್ರಿಕೆಯಲ್ಲಿ, ಅವರು ಇವರ ಪತ್ರಿಕೆಯಲ್ಲಿ. ಅದೇ ಲೆಕ್ಕ ಹಿಡಿದು, ನಾನು ಮಾಡಿದ ಹನ್ನೊಂದು ಸೈಟುಗಳ ಬುಡದಲ್ಲೂ ಉಳಿದ ಹತ್ತರ ಹೆಸರು ಬರೆದು ಲಿಂಕ್ ಹಾಕಿದೆ. ಗುಬ್ಬಿಯ ಕೊಬ್ಬರಿ ಮಂಡಿ, ಉಪ್ಪಾರಹಳ್ಳಿಯ ಟ್ಯುಟೋರಿಯಲ್ಲು, ಒಂದು ಮಠದ ಹಾಸ್ಟೆಲ್ಲು, ಎಲ್ಲರೂ ಎಲ್ಲರಿಗೂ ಆಗಮನಾಭಿಲಾಷಿಗಳು. ಗಿರಾಕಿಗಳಿಗೂ ಖುಷಿ. ಟ್ಯುಟೋರಿಯಲ್ ಮೇಷ್ಟ್ರು ತಮ್ಮ ಷಡ್ಡಕನ ಅಂಗಡಿಯನ್ನೂ ಸೇರಿಸಲು ಹೇಳಿದರು, ಸೇರಿಸಿದೆ. ಅಷ್ಟರಲ್ಲಿ ‘ನೀವು ನಮಗೆ ಲಿಂಕ್ ಕೊಡಿ, ನಾವು ನಿಮಗೆ ಕೊಡುತ್ತೇವೆ’ ಎಂದು ಪರದೇಶದಿಂದ ಈಮೇಲ್ ಬರತೊಡಗಿದವು. ಮಾತ್ರೆ ಮಾರುವವರು, ಜೂಜಿನವರು, ಯಾರೋ ಏನೋ. ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ? ಭಾಯ್ ಸೈಟಿನಲ್ಲಿ ‘ಲಿಂಕ್ಸ್’ ಎಂದೇ ಒಂದು ಪುಟ ತೆರೆದು ಅವರನ್ನೂ ಕೂರಿಸಿದೆ.

ಸಾರೋಟು ಐದನೇ ಪುಟಕ್ಕೆ ಬಂತು. ನಾಲ್ಕಕ್ಕೆ ಬಂತು. ದೀಪಾವಳಿಯ ಹೊತ್ತಿಗೆ ಎರಡಕ್ಕೆ ಬಂತು. ಭಾಯ್ ಸಂತೋಷಕ್ಕೆ ಪೇಂಟರ್ ಕರೆಸಿ ಶೆಡ್ಡಿನ ಬೋರ್ಡಿನ ಮೇಲೂ ಬಾಡಿಗೆಗೆ ಹೋಗುವ ನಾಲ್ಕು ಸಾರೋಟುಗಳ ಬೆನ್ನ ಮೇಲೂ ವೆಬ್‌ಸೈಟ್ ವಿಳಾಸ ಬರೆಸಿದರು.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಸೈಟು ಇಲ್ಲ. ಎರಡನೇ ಪುಟದಲ್ಲಿಲ್ಲ, ಒಂಬತ್ತರಲ್ಲಿಲ್ಲ, ಕೊನೆಯ ಪುಟದವರೆಗೂ ಇಲ್ಲ. ಅದರ ಪೂರ್ತಿ ಹೆಸರು ಹೊಡೆದರೂ ಇಲ್ಲ. ಮಂಡಿಯ ಸೈಟೂ ಇಲ್ಲ, ಹಾಸ್ಟೆಲಿನದೂ ಇಲ್ಲ. ಹನ್ನೊಂದಕ್ಕೆ ಹನ್ನೊಂದೂ ಮಾಯ.

ಈ ವಿದ್ಯೆಯವರು ಪ್ರಶ್ನೋತ್ತರ ಮಾಡುವ ಒಂದು ಜಾಗ ನೆಟ್ಟಿನಲ್ಲಿತ್ತು. ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ನನ್ನ ಗೋಳು ಬರೆದೆ. ಮರುದಿನ ಯಾರೋ ಪುಣ್ಯಾತ್ಮ ಉತ್ತರ ಕೊಟ್ಟಿದ್ದ. ಸಂಬಂಧವಿಲ್ಲದವರು ಪರಸ್ಪರ ಲಿಂಕ್ ಹಾಕಿಕೊಂಡು ಗುಂಪು ಕಟ್ಟುವುದಕ್ಕೆ ‘ಲಿಂಕ್ ಫಾರ್ಮ್’ ಎನ್ನುತ್ತಾರೆ, ಅದು ಮೋಸ, ಸರ್ಚ್ ಇಂಜಿನ್ನಿನವರು ಹಿಡಿದರೆ ಹೊರಗೆ ಹಾಕುತ್ತಾರೆ. ‘ಆ ಹೆಸರನ್ನು ಬಿಸಾಕಿ, ಹೊಸ ವಿಳಾಸ ತೆಗೆದುಕೊಂಡು ಮೊದಲಿಂದ ಶುರು ಮಾಡು’ ಎಂದು ಸಲಹೆಯನ್ನೂ ಕೊಟ್ಟಿದ್ದ.

ಮೋಸ ಎಂಬ ಮಾತು ಚುಚ್ಚಿತು. ನಾನು ಮಾಡಿದ್ದು ಮರ್ಯಾದೆ ಎಂದುಕೊಂಡಿದ್ದೆ.

ಅದೇ ವಾರ ಭಾಯ್‌ನ ತಮ್ಮ ನನ್ನ ಅಂಗಡಿಗೆ ಬಂದರು. ಜಗಳಕ್ಕೆ ಬಂದವರಲ್ಲ, ಕೂತು ನೀರು ಕುಡಿದರು. “ಮೇಡಂ, ಕೆಟ್ಟದ್ದು ಅನ್ಕೋಬೇಡಿ. ಅಣ್ಣ ದಿನಾ ಬ್ರೌಸಿಂಗ್ ಸೆಂಟರ್ಗೆ ಹೋಗಿ ಹುಡುಕ್ತಾವ್ನೆ. ಈಗ ಅದೂ ಕಾಣ್ತಿಲ್ವಂತೆ. ಆಗಲ್ಲ ಅಂದ್ರೆ ಆಗಲ್ಲ ಅಂದ್ಬುಡಿ. ಸುಮ್ನೆ ಆಸೆ ಹುಟ್ಟಿಸ್ಬೇಡಿ.”

“ತಪ್ಪು ನನ್ನದು. ಸರಿ ಮಾಡ್ತೀನಿ,” ಎಂದೆ. ಹೇಗೆ ಎಂದು ಅವರು ಕೇಳಲಿಲ್ಲ.

ಹೊಸ ವಿಳಾಸ ತೆಗೆದುಕೊಳ್ಳುವುದು ಸುಲಭದ ದಾರಿ. ಆದರೆ ಹಳೆಯದು ನಾಲ್ಕು ಸಾರೋಟಿನ ಬೆನ್ನೇರಿ ಊರೂರು ತಿರುಗುತ್ತಿತ್ತು. ಉಳಿದ ಹತ್ತು ಜನರನ್ನು ಏನು ಮಾಡುವುದು? ಎರಡು ದಿನ ಒದ್ದಾಡಿ ತೀರ್ಮಾನಿಸಿದೆ. ಎಲ್ಲ ಲಿಂಕೂ ಕೀಳುತ್ತೇನೆ, ಯಾರ ಹೆಸರು ಕೀಳುತ್ತೇನೋ ಅವರಿಗೆ ಮುಖ ಕೊಟ್ಟು ಹೇಳುತ್ತೇನೆ. ಸರ್ಚ್ ಇಂಜಿನ್ನಿನವರಿಗೆ ತಪ್ಪೊಪ್ಪಿಗೆ ಬರೆದು, ಮತ್ತೆ ಸೇರಿಸಿಕೊಳ್ಳಿ ಎಂದು ಕೇಳುತ್ತೇನೆ. ಹಾಗೆ ಕೇಳುವುದಕ್ಕೂ ಒಂದು ಫಾರಂ ಇತ್ತು.

ಹಾಕುವಾಗ ಒಂದೊಂದು ಹೆಸರಿಗೆ ಅರ್ಧ ನಿಮಿಷ ಹಿಡಿದಿತ್ತು, ತೆಗೆಯುವುದಕ್ಕೆ ಒಂದೊಂದು ಮಧ್ಯಾಹ್ನ ಬೇಕಾಯಿತು. ಟ್ಯುಟೋರಿಯಲ್ ಮೇಷ್ಟ್ರು ಮುಖ ಸಿಂಡರಿಸಿ, “ಹಾಕಿ ತೆಗೆದ್ರೆ ನಮ್ ಷಡ್ಡಕ ಏನಂದ್ಕೋತಾನೆ?” ಎಂದು ಸೈಟನ್ನೇ ಬೇರೆಯವರ ಕೈಗೆ ಕೊಟ್ಟರು. ನನ್ನ ಕೈಲೇನೂ ಮಾಡಲಾಗಲಿಲ್ಲ.

ಗುಬ್ಬಿಯ ಮಂಡಿ ಯಜಮಾನರದು ಕೊನೆಯ ಬಾಗಿಲು. ಹಣೆ ತುಂಬ ವಿಭೂತಿ ಇಟ್ಟುಕೊಂಡು ಕೊಬ್ಬರಿ ಚೀಲಗಳ ನಡುವೆ ಕೂತಿದ್ದರು. ಎಲ್ಲ ಕೇಳಿಕೊಂಡು, “ನನ್ ಹೆಸ್ರು ತೆಗೀತೀನಿ ಅಂತ ಹೇಳಕ್ಕೆ ಗುಬ್ಬಿಗಂಟ ಬಂದ್ಯೇನಮ್ಮ?” ಎಂದರು.

“ಹೇಳದೆ ತೆಗೆಯೋದು ಸರಿಯಲ್ಲ ಅನ್ನಿಸ್ತು ಯಜಮಾನ್ರೆ.”

“ಯಾಕೆ ತೆಗೀಬೇಕು ಅಂತ ಇನ್ನೊಂದ್ಸಲ ಹೇಳು, ನೋಡಾನ.”

“ನೀವು ಸಾರೋಟು ಭಾಯ್‌ಗೆ ಶಿಫಾರಸು ಮಾಡಿದ ಹಾಗೆ ಇದೆ. ನಿಮಗೆ ಅವರ ಕೆಲಸವೇ ಗೊತ್ತಿಲ್ಲ. ಅದು ಸುಳ್ಳು ಶಿಫಾರಸು ಆಗುತ್ತೆ.”

“ಗೊತ್ತಿಲ್ಲ ಅಂತ ಯಾರಂದ್ರು ನಿಂಗೆ?” ಯಜಮಾನರು ನೆಟ್ಟಗಾಗಿ ಕೂತರು. “ನಮ್ ಹುಡುಗನ ಮದ್ವೇಲಿ ಬ್ಯಾಂಡ್‌ಸೆಟ್‌ನೋರು ತಂದಿದ್ದು ಅವ್ರು ಮಾಡಿದ್ ಸಾರೋಟೇ ಕಣಮ್ಮ. ಅವತ್ತು ಮಳೆ ಹುಯ್ದು ರಸ್ತೆಯೆಲ್ಲ ಕೆಸರು. ಬೀಗರ ಕಾರೆರಡೂ ಸಿಗಾಕ್ಕಂಡ್ವು. ಸಾರೋಟು ಮಾತ್ರ ನೆಟ್ಗೆ ಛತ್ರದ ಬಾಗ್ಲಿಗೆ ಹೋಯ್ತು. ಹೆಸ್ರು ತೆಗೀ, ಬೇಜಾರಿಲ್ಲ. ಇದನ್ನ ಬರಿ. ಇದು ನಿಜ ತಾನೆ?”

ಮಂಡಿಯ ಸೈಟಿನಲ್ಲಿ ಕೊಬ್ಬರಿ ರೇಟಿನ ಪಕ್ಕದಲ್ಲಿ ಮಗನ ಮದುವೆಯ ಆಲ್ಬಂ ಹಾಕಲೇಬೇಕೆಂದು ಹಟ ಹಿಡಿದಿದ್ದವರು ಅವರು. ಒಳಗೊಳಗೇ ನಕ್ಕು ಹಾಕಿಕೊಟ್ಟಿದ್ದೆ. ಅಂಗಡಿಗೆ ಬಂದು ಆ ಆಲ್ಬಂ ತೆರೆದರೆ ಕೆಸರು ಮೆತ್ತಿದ ಗಾಲಿಯ ಸಾರೋಟು ಅಲ್ಲೇ ನಿಂತಿತ್ತು. ಫೋಟೋದ ಕೆಳಗೆ ಯಜಮಾನರ ಮಾತನ್ನೇ ಎರಡು ಸಾಲು ಬರೆದು, ‘ಕುಣಿಗಲ್ಲಿನವರು ಮಾಡಿದ ಸಾರೋಟು’ ಎನ್ನುವ ಕಡೆ ಲಿಂಕ್ ಕೊಟ್ಟೆ. ಲಿಂಕ್ ಹೊತ್ತ ಆ ಮಾತಿಗೆ ‘ಆಂಕರ್ ಟೆಕ್ಸ್ಟ್’ ಎನ್ನುತ್ತಾರೆ. ಇನ್ನೂರರ ಹತ್ತಿರವಿದ್ದ ಲಿಂಕುಗಳಲ್ಲಿ ಉಳಿದದ್ದು ಅದೊಂದೇ.

ತಪ್ಪೊಪ್ಪಿಗೆಯನ್ನೂ ಬರೆದೆ. ‘ನಮ್ಮ ಊರಿನಲ್ಲಿ ಮದುವೆ ಪತ್ರಿಕೆಯಲ್ಲಿ ಎಲ್ಲರ ಹೆಸರು ಹಾಕುವುದು ಪದ್ಧತಿ. ಇಲ್ಲಿಯೂ ಹಾಗೆಯೇ ಎಂದು ತಿಳಿದೆ. ತಪ್ಪು ನನ್ನದು, ಗಾಡಿ ಮಾಡುವವರದಲ್ಲ.’ ಓದುವವರು ಮನುಷ್ಯರೋ ಯಂತ್ರವೋ ಗೊತ್ತಿರಲಿಲ್ಲ. ‘ನಿಮ್ಮ ಮನವಿ ತಲುಪಿದೆ’ ಎಂಬ ಒಂದು ಸಾಲು ಬಂತು, ಅಷ್ಟೇ.

ಭಾಯ್ ಸೈಟಿನಲ್ಲಿ ‘ಲಿಂಕ್ಸ್’ ಪುಟ ಖಾಲಿಯಾಗಿ ಬಾಯಿ ಬಿಟ್ಟುಕೊಂಡಿತ್ತು. ಏನಾದರೂ ತುಂಬಬೇಕಲ್ಲ ಎಂದು ನೋಟ್‌ಬುಕ್ ತಿರುವಿದಾಗ ಹಿಂಬದಿಯಲ್ಲಿ ಹಳಿ ಕಟ್ಟಿದ ಟಿಪ್ಪಣಿ ಸಿಕ್ಕಿತು. ಮರದ ಗಾಲಿ ಯಾಕೆ ಸಡಿಲವಾಗುತ್ತದೆ, ಹಳಿ ಎಷ್ಟು ಚಿಕ್ಕದಿರಬೇಕು, ಎಷ್ಟು ಕಾಯಿಸಬೇಕು, ನೀರು ಯಾವಾಗ ಸುರಿಯಬೇಕು, ಎಲ್ಲವನ್ನೂ ಭಾಯ್‌ಗೆ ಫೋನ್ ಮಾಡಿ ಮತ್ತೆ ಮತ್ತೆ ಕೇಳಿ, ನನ್ನ ಸಾದಾ ಇಂಗ್ಲಿಷಿನಲ್ಲಿ ಬರೆದು ಹಾಕಿದೆ. “ಇದ್ನ ಯಾರು ಓದ್ತಾರೆ ಮೇಡಂ?” ಎಂದರು ಅವರು. ನನಗೂ ಗೊತ್ತಿರಲಿಲ್ಲ.

ಬಕ್ರೀದಿಗೆ ಹದಿನೈದು ದಿನ ಇರುವಾಗ ಸೈಟು ಮತ್ತೆ ಕಂಡಿತು. ಆರನೇ ಪುಟದಲ್ಲಿ. ಅಳು ಬಂತು, ತಡೆಯಲಿಲ್ಲ. ಆದರೆ ಆರನೇ ಪುಟ ಯಾರು ತಿರುವುತ್ತಾರೆ? ಭಾಯ್‌ಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ.

ನಾಲ್ಕು ದಿನ ಬಿಟ್ಟು ಒಂದು ಈಮೇಲ್ ಬಂತು. ಊಟಿಯ ಒಂದು ಹೋಟೆಲಿನವರು. ಅವರ ಹಳೆ ಕುದುರೆಗಾಡಿಯ ಗಾಲಿಗಳು ಲೊಡಲೊಡ ಎನ್ನುತ್ತಿವೆ, ಹಳಿ ಕಟ್ಟಿಕೊಡುತ್ತೀರಾ ಎಂದು ಕೇಳಿದ್ದರು. ಕುತೂಹಲ ತಡೆಯಲಾರದೆ, ನಮ್ಮನ್ನು ಹೇಗೆ ಹುಡುಕಿದಿರಿ ಎಂದು ಬರೆದೆ. ‘ಮರದ ಗಾಲಿಯ ಕಬ್ಬಿಣದ ಪಟ್ಟಿ ಸಡಿಲವಾದರೆ ಏನು ಮಾಡಬೇಕು’ ಎಂದು ಟೈಪ್ ಮಾಡಿದರಂತೆ. ನಾನೂ ಅದನ್ನೇ ಟೈಪ್ ಮಾಡಿದೆ. ಮೊದಲನೇ ಪುಟದಲ್ಲಿ ಮೊದಲನೆಯದು ಭಾಯ್‌ನ ಗಾಲಿ.

ಇಂಥ ಉದ್ದುದ್ದ ಪ್ರಶ್ನೆಗಳಿಗೆ ‘ಲಾಂಗ್ ಟೇಲ್’ ಎನ್ನುತ್ತಾರೆಂದು ಆಮೇಲೆ ಓದಿದೆ. ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಬರೆದುಕೊಂಡದ್ದು ಇಷ್ಟು: ಜನ ಹುಡುಕುವುದು ಸಾಮಾನನ್ನಲ್ಲ, ತಮ್ಮ ತೊಂದರೆಗೆ ಉತ್ತರವನ್ನು.

ಬಕ್ರೀದಿನೊಳಗೆ ಗಾಲಿ ಕೆಲಸ ಇನ್ನೊಂದು ಬಂತು. ಗಾಲಿ ನೋಡಲು ಬಂದ ಹೊಸೂರಿನ ಮದುವೆ ಕಾಂಟ್ರಾಕ್ಟರು ಒಂದು ಹೊಸ ಸಾರೋಟನ್ನೇ ಮಾಡಿಕೊಡಲು ಹೇಳಿ ಹೋದರು. ಹಬ್ಬದ ನಮಾಜು ಮುಗಿಸಿ ಬಂದ ತಮ್ಮ, ಅಣ್ಣನನ್ನು ತಬ್ಬಿ, “ಮೆಷೀನ್ ಬೈಪಾಸ್ ಹತ್ರ ಹಾಕ್ತೀನಿ ಬುಡು ಭಾಯ್, ಅಲ್ಲಿ ಲಾರಿ ಜಾಸ್ತಿ,” ಎಂದರಂತೆ. ಶೆಡ್ಡು ಉಳಿಯಿತು.

ಮರುವರ್ಷ ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ನನ್ನ ಅಂಗಡಿಗೆ ಬಂದರು. ತಮ್ಮನ ಮಗಳ ಶಾದಿ. ಪತ್ರಿಕೆಯ ಉರ್ದು ಭಾಗ ಬೇರೆ ಕಡೆ ಆಗಿತ್ತು, ಕನ್ನಡದ್ದು ನನ್ನ ಪಾಲು. ಕೆಳಗೆ ನಲವತ್ತಕ್ಕೂ ಮೇಲೆ ಹೆಸರು. ಗುಬ್ಬಿಯ ಮಂಡಿ ಯಜಮಾನರದೂ ಇತ್ತು.

“ಭಾಯ್, ಇಷ್ಟೊಂದು ಲಿಂಕ್ ಹಾಕಿದ್ರೆ ಹೊರಗೆ ಹಾಕ್ತಾರೆ. ನಿಜವಾಗಿ ಬರೋರ್ದು ಮಾತ್ರ ಉಳಿಸ್ಲಾ?” ಎಂದು ಕಿಚಾಯಿಸಿದೆ.

“ಎಲ್ಲಾರ್ದೂ ಹಾಕಿ ಮೇಡಂ. ಇದು ಶಾದಿ, ಸರ್ಚ್ ಇಂಜಿನ್ ಅಲ್ಲ,” ಎಂದು ಭಾಯ್ ನಕ್ಕರು.

ಟೈಪ್ ಮಾಡಿ ಮುಗಿಸಿ ಪ್ರೂಫ್ ತೋರಿಸಿದೆ. ತಮ್ಮ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಕೊನೆಗೆ ಬಂದು ನಿಂತು, “ಒಂದು ಬಿಟ್ಟೋಗೈತೆ,” ಎಂದರು.

“ಯಾರ್ದು?”

“ನಿಮ್ದು. ನೀವು ನಿಜವಾಗ್ಲೂ ಬರೋರಲ್ವಾ?”

ಅದುವರೆಗೆ ಎಷ್ಟು ಸಾವಿರ ಹೆಸರು ಹೊಡೆದಿದ್ದೆನೋ, ಇನ್ನೊಬ್ಬರ ಮನೆಯ ಪತ್ರಿಕೆಯಲ್ಲಿ ನನ್ನ ಹೆಸರು ಹೊಡೆದದ್ದು ಅವತ್ತೇ ಮೊದಲು. ಎರಡು ಸಲ ಪ್ರೂಫ್ ನೋಡಿ ಪ್ರಿಂಟ್ ಕೊಟ್ಟೆ.